ನೀವು ಕೇಳಿದ್ದು: ಪಂಚಾಯಿತಿ ಮತ ಎಣಿಕೆಗೆ ಕೂರುವವರಿಗೆ

ಪ್ರಶ್ನೆ: ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಆದರೂ ಪಕ್ಷದವರು ಎಣಿಕೆಗೆ ಕೂರು ಅಂತಿದ್ದಾರೆ. ಏನು ಸಿದ್ಧತೆ ಬೇಕು?

ಉತ್ತರ: ಕಳಿಸುವುದು ಪಕ್ಷವೇ ಇರಬಹುದು, ಒಳಗೆ ಕೂರುವುದು ಮಾತ್ರ ಅಭ್ಯರ್ಥಿಯ ಎಣಿಕೆ ಏಜೆಂಟ್ ಆಗಿ. ಅಭ್ಯರ್ಥಿ ಕಡೆಯಿಂದ ನೇಮಕ ಪತ್ರ ಬೇಕು. ಪಕ್ಷದ ಲೆಟರ್‌ಹೆಡ್ ನಡೆಯದು. ಶಾಲು, ಮೊಬೈಲ್ ಹೊರಗೇ ಬಿಡಿ, ಪೆನ್ನು ಕಾಗದ ಸಾಕು. ಎಣಿಕೆ ತಾಲ್ಲೂಕು ಕೇಂದ್ರದಲ್ಲಿ, ಕ್ಷೇತ್ರವಾರು ಸರದಿಯಲ್ಲಿ ನಡೆಯುತ್ತದೆ. ಕರೆದಾಗ ಟೀ ಅಂಗಡಿಯಲ್ಲಿದ್ದರೆ ಪೆಟ್ಟಿಗೆ ನಿಮಗಾಗಿ ಕಾಯುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಮತದಾನದ ದಿನ ಬೂತ್ ಏಜೆಂಟ್ ಬರೆದುಕೊಂಡ ಚೀಟಿ: ಪೆಟ್ಟಿಗೆಯ ಸಂಖ್ಯೆ, ಪೇಪರ್ ಸೀಲ್ ಸಂಖ್ಯೆ, ಮತದಾರರಿಗೆ ಕೊಟ್ಟ ಮತಪತ್ರಗಳ ಲೆಕ್ಕ. ಪೆಟ್ಟಿಗೆ ತೆರೆಯುವ ಮುನ್ನವೇ ಸೀಲ್ ತಾಳೆ ನೋಡಿ. ಒಡೆದ ಮೇಲೆ ಆ ಮಾತು ಎತ್ತಿ ಉಪಯೋಗವಿಲ್ಲ. ಸುರಿದ ಮತಪತ್ರಗಳಲ್ಲಿ ಒಂದೆರಡು ಕಮ್ಮಿ ಬಂದರೆ ಗಾಬರಿ ಬೇಡ, ಯಾರೋ ಪೆಟ್ಟಿಗೆಗೆ ಹಾಕದೆ ಜೇಬಿಗಿಳಿಸಿರಬಹುದು. ಕೊಟ್ಟದ್ದಕ್ಕಿಂತ ಹೆಚ್ಚು ಬಂದರೆ ಅಲ್ಲೇ ನಿಲ್ಲಿಸಿ, ಬರವಣಿಗೆಯಲ್ಲಿ ಆಕ್ಷೇಪ ಕೊಡಿ.

ಪ್ರಶ್ನೆ: ಕುಲಗೆಟ್ಟ ಮತ ಅಂತ ಹೇಗೆ ತೀರ್ಮಾನಿಸುತ್ತಾರೆ? ಜಗಳ ಅಲ್ಲೇ ಶುರುವಾಗುತ್ತದಲ್ಲ?

ಉತ್ತರ: ಹೌದು, 2020ರಲ್ಲಿ ಬೀದರ್ ಜಿಲ್ಲೆ ಬಿಟ್ಟು ಉಳಿದ ಕಡೆಯೆಲ್ಲ ಮತಪತ್ರವೇ ಇತ್ತು, ಜಗಳವೂ ಇತ್ತು. ಮೊಹರೇ ಇಲ್ಲದ್ದು, ಪೆನ್ನಿನಲ್ಲಿ ಗುರುತು ಹಾಕಿದ್ದು, ಹೆಸರು ಬರೆದು ಮತದಾರ ಯಾರೆಂದು ತಿಳಿಯುವಂತಿದ್ದದ್ದು ಅಸಿಂಧು. ಇವುಗಳ ಬಗ್ಗೆ ವಾದಿಸಿ ಸಮಯ ಕಳೆಯಬೇಡಿ.

ವಾದಿಸಬೇಕಾದದ್ದು ಮಸಿ ಅಂಟಿದ ಮತಪತ್ರಕ್ಕೆ. ಮಡಿಸಿದಾಗ ಹಸಿ ಮಸಿ ಇನ್ನೊಬ್ಬರ ಚಿಹ್ನೆಯ ಮೇಲೂ ಕೂರುತ್ತದೆ. ಮೇಲ್ನೋಟಕ್ಕೆ ಎರಡು ಮೊಹರು. ಮತ ಒತ್ತುವ ಆರೋ ಕ್ರಾಸ್ ಮೊಹರಿನ (ಬಾಣಗಳಿರುವ ಅಡ್ಡಗುರುತು) ಬಾಣಗಳು ಒಂದೇ ದಿಕ್ಕಿಗೆ ತಿರುಗಿರುತ್ತವೆ. ಅಂಟಿದ ಗುರುತಿನಲ್ಲಿ ಅವು ಉಲ್ಟಾ, ಮಸಿಯೂ ಪೇಲವ. ಮಡಿಕೆಯ ಗೆರೆಯಲ್ಲಿ ಮತ್ತೆ ಮಡಿಸಿ ತೋರಿಸಲು ಸಿಬ್ಬಂದಿಗೆ ಹೇಳಿ (ನೀವು ಮುಟ್ಟುವಂತಿಲ್ಲ), ಎರಡೂ ಒಂದರ ಮೇಲೊಂದು ಸರಿಯಾಗಿ ಕೂತರೆ ಅದು ಅಂಟಿದ್ದೇ. ಅಂಥ ಮತ ಸಿಂಧು. ಎದುರಾಳಿಗೆ ಬಿದ್ದ ಮತವಾದರೂ ಇದೇ ನ್ಯಾಯ. ಒಮ್ಮೆ ಹೀಗೆ, ಒಮ್ಮೆ ಹಾಗೆ ವಾದಿಸುವ ಏಜೆಂಟ್ ಮಾತಿಗೆ ಅಧಿಕಾರಿ ಆಮೇಲೆ ಬೆಲೆ ಕೊಡುವುದಿಲ್ಲ. ಎರಡು ಚಿಹ್ನೆಯ ನಡುವೆ ಬಿದ್ದ ಮೊಹರಿನಲ್ಲಿ ಯಾರಿಗೆಂದು ಹೇಳಲಾಗದಿದ್ದರೆ ಮತ ಹೋಯಿತು. ಕೊನೆಯ ಮಾತು ಚುನಾವಣಾಧಿಕಾರಿಯದು, ಮೇಜಿನ ಸಿಬ್ಬಂದಿಯದಲ್ಲ. ಅನುಮಾನದ ಪತ್ರಗಳನ್ನು ಬೇರೆ ಇಡಿಸಿ, ಅವರ ಮುಂದೆಯೇ ತೀರ್ಮಾನವಾಗಲಿ.

ಪ್ರಶ್ನೆ: ನಮ್ಮದು ಎರಡು ಸ್ಥಾನದ ಕ್ಷೇತ್ರ. ಮತಪತ್ರ, ಮತ ಎರಡರ ಲೆಕ್ಕ ಹೊಂದುವುದೇ ಇಲ್ಲವಲ್ಲ?

ಉತ್ತರ: ಹೊಂದಬಾರದು. ಅಲ್ಲಿ ಒಬ್ಬ ಮತದಾರನಿಗೆ ಎರಡು ಮತ, ಒಬ್ಬ ಅಭ್ಯರ್ಥಿಗೆ ಒಂದೇ. ಒಂದೇ ಮೊಹರು ಒತ್ತಿದ್ದರೂ ಸಿಂಧು, ಮೂವರಿಗೆ ಒತ್ತಿದ್ದರೆ ಇಡೀ ಪತ್ರ ಅಸಿಂಧು. 600 ಮತಪತ್ರದಲ್ಲಿ 14 ಅಸಿಂಧು ಎಂದುಕೊಳ್ಳಿ: ಉಳಿದ 586ಕ್ಕೆ ಮತ ಹೆಚ್ಚೆಂದರೆ 1,172. ಕಮ್ಮಿಯಾದರೆ ಸಹಜ, ಒಂದು ಹೆಚ್ಚಾದರೂ ಎಣಿಕೆ ತಪ್ಪಿದೆ.

ಇಲ್ಲಿ ಬರೀ ಕಟ್ಟು ಕಟ್ಟಿ ಎಣಿಸಲಾಗುವುದಿಲ್ಲ, ಒಂದೊಂದು ಪತ್ರವನ್ನೂ ನೋಡಿ ಕೂಗಿ ಹಾಳೆಯಲ್ಲಿ ಗೆರೆ ಹಾಕಬೇಕು. ಕೂಗಿದ್ದನ್ನು ಕೇಳಿ ಬರೆಯಬೇಡಿ, ಪತ್ರ ನೋಡಿ ಬರೆಯಿರಿ. ನಾಲ್ಕು ಗೆರೆಗೆ ಅಡ್ಡಗೆರೆ ಹಾಕಿ ಐದರ ಕಟ್ಟು ಮಾಡುತ್ತಾ ಹೋಗಿ, ಪ್ರತಿ 50 ಪತ್ರಕ್ಕೆ ನಿಮ್ಮ ಮೊತ್ತವನ್ನು ಸಿಬ್ಬಂದಿಯದರ ಜೊತೆ ತಾಳೆ ನೋಡಿ. ತಪ್ಪು ಸಿಕ್ಕರೆ 50 ಪತ್ರ ತಿರುವಿದರೆ ಸಾಕು. ಕೊನೆಯಲ್ಲಿ ಸಿಕ್ಕರೆ ಇಡೀ ರಾಶಿ.

ಪ್ರಶ್ನೆ: ಮೂರು ಮತದಿಂದ ಸೋತರೆ ಮರುಎಣಿಕೆ ಕೇಳಬಹುದೇ?

ಉತ್ತರ: ಮೊತ್ತ ಓದಿದ ಮೇಲೆ, ಫಲಿತಾಂಶ ಘೋಷಿಸುವ ಮುನ್ನ ಕೇಳಬೇಕು. ಆ ಎಡೆ ಬಹಳ ಸಣ್ಣದು, ಅದಕ್ಕೇ ಅರ್ಜಿಯನ್ನು ಮೊದಲೇ ಬರೆದು ಕಾರಣದ ಜಾಗ ಖಾಲಿ ಬಿಟ್ಟಿರಿ. 'ಅಂತರ ಕಮ್ಮಿ' ಎಂದಷ್ಟೇ ಬರೆದರೆ ತಳ್ಳಿಹಾಕುತ್ತಾರೆ. ಯಾವ ಮೇಜು, ಯಾವ ಕಟ್ಟು, ನಿಮ್ಮ ಹಾಳೆಯಲ್ಲಿ ಎಷ್ಟು, ಅವರದರಲ್ಲಿ ಎಷ್ಟು ಎಂದು ಬರೆಯಿರಿ. ಸಮಬಲವಾದರೆ ಚೀಟಿ ಎತ್ತುತ್ತಾರೆ. ಘೋಷಣೆ ಆಗಿಹೋದರೆ 30 ದಿನದೊಳಗೆ ನಿಯೋಜಿತ ನ್ಯಾಯಾಲಯದಲ್ಲಿ ಚುನಾವಣಾ ತಕರಾರು ಅರ್ಜಿ ಹಾಕುವುದೊಂದೇ ದಾರಿ. ಅಲ್ಲಿ ನಿಮ್ಮ ಗೆರೆ ಹಾಳೆ ಬೇಕಾಗಬಹುದು, ಎಸೆಯಬೇಡಿ.