ಅಗಸಿ ಹಾಕಿದರೂ ಸಂದಿ ಇದ್ದೇ ಇದೆ: ಕ್ರಿಪ್ಟೋ ನಿಷೇಧ, ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ದೇಶದಾಗ ಕ್ರಿಪ್ಟೋ ಬ್ಯಾನ್ ಐತೋ ಇಲ್ಲೋ? ತೆರಿಗಿ ತಗೋತಾರಂದ್ರ ಕಾಯ್ದೆಬದ್ಧ ಅಂತ ತಿಳಕೋಬಹುದಾ? ಕೋಚಿಂಗ್‌ದಾಗ ಒಬ್ಬರು ಒಂದೊಂದು ಹೇಳ್ತಾರ.
(ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಸಪ್ತಾಪುರ, ಧಾರವಾಡ)

ಉತ್ತರ: ನಿಷೇಧ ಇಲ್ಲ. ಮಾನ್ಯತೆಯೂ ಇಲ್ಲ. ಇವೆರಡರ ನಡುವಿನ ಜಾಗದಲ್ಲಿ ತೆರಿಗೆ ಕೂತಿದೆ.

ಗೊಂದಲ ಹುಟ್ಟಿದ್ದು 2018ರ ಏಪ್ರಿಲ್ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಿಂದ. ಅದು ಬಿಟ್‌ಕಾಯಿನ್ ಇಟ್ಟುಕೊಳ್ಳಬೇಡಿ ಎಂದು ಯಾರಿಗೂ ಹೇಳಲಿಲ್ಲ. ಈ ವ್ಯವಹಾರ ಮಾಡುವವರಿಗೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಹೇಳಿತು. ಊರೊಳಗಿನ ಸಂತೆ ಹಾಗೇ ಇತ್ತು, ಅಗಸಿ ಬಾಗಿಲು ಮಾತ್ರ ಹಾಕಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ರಿಸರ್ವ್ ಬ್ಯಾಂಕಿಗೆ ಅಧಿಕಾರವೇ ಇಲ್ಲ ಎಂದು ಕೋರ್ಟ್ ಹೇಳಲಿಲ್ಲ, ಇದನ್ನು ಗಮನಿಸಿ. ಅಧಿಕಾರ ಇದೆ, ಆದರೆ ಬ್ಯಾಂಕುಗಳಿಗೆ ಇದರಿಂದ ಹಾನಿಯಾಗಿದೆ ಎಂದು ತೋರಿಸದೆ ಇಷ್ಟು ಕಠಿಣ ಕ್ರಮ ತಗೊಂಡದ್ದು ಪ್ರಮಾಣ ಮೀರಿದ್ದು ಎಂದಿತು. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲಿಯೇ.

2019ರಲ್ಲಿ ಸರ್ಕಾರದ ಸಮಿತಿಯೊಂದು ಹತ್ತು ವರ್ಷದವರೆಗೆ ಜೈಲು ಇರುವ ನಿಷೇಧ ಮಸೂದೆಯ ಕರಡನ್ನೇ ಕೊಟ್ಟಿತ್ತು. 2021ರಲ್ಲಿ ಮಸೂದೆಯೊಂದು ಸಂಸತ್ತಿನ ಕಾರ್ಯಪಟ್ಟಿಗೂ ಬಂತು, ಮಂಡನೆಯಾಗಲಿಲ್ಲ. ಅದರ ಬದಲು 2022ರ ಏಪ್ರಿಲ್ 1ರಿಂದ 30% ತೆರಿಗೆ, ಜುಲೈ 1ರಿಂದ 1% ಟಿಡಿಎಸ್ ಬಂದವು. 2023ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜ್‌ಗಳನ್ನು (ಕ್ರಿಪ್ಟೋ ಕೊಳ್ಳುವ-ಮಾರುವ ಆನ್‌ಲೈನ್ ಪೇಟೆಗಳನ್ನು) ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ತಂದರು. ಅಂದಿನಿಂದ ಅವು ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕು. ನೋಂದಾಯಿಸದ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಅದೇ ಡಿಸೆಂಬರ್‌ನಲ್ಲಿ ನೋಟಿಸ್ ಹೋಯಿತು.

ತೆರಿಗೆ ಕಟ್ಟಿದರೆ ಕಾಯ್ದೆಬದ್ಧವೇ ಎಂದರೆ, ಆದಾಯ ತೆರಿಗೆ ಇಲಾಖೆ ದುಡ್ಡು ಎಲ್ಲಿಂದ ಬಂತು ಎಂದು ನೋಡಿ ಮಾನ್ಯತೆ ಕೊಡುವುದಿಲ್ಲ. ಜೂಜಿನ ಗಳಿಕೆಗೂ ತೆರಿಗೆ ಇದೆ.

ಪ್ರಶ್ನೆ: ನಾನು ಒಣಮೆಣಸಿನಕಾಯಿ ರಫ್ತು ಮಾಡ್ತೀನಿ. ಢಾಕಾದ ಖರೀದಿದಾರ ಅಲ್ಲಿ ಡಾಲರ್ ಸಿಗವಲ್ದು, ಎಲ್‌ಸಿ (ಬ್ಯಾಂಕಿನ ಪಾವತಿ ಖಾತ್ರಿ ಪತ್ರ) ತಡ ಆಗ್ತದ, ಯುಎಸ್‌ಡಿಟಿ (ಡಾಲರ್‌ಗೆ ಸಮ ಇರೋ ಕ್ರಿಪ್ಟೋ ನಾಣ್ಯ) ಹಾಕ್ತೀನಿ, ಹತ್ತು ನಿಮಿಷದ ಕೆಲಸ ಅಂತಾನ. ತಗೋಬಹುದಾ?
(ವರ್ತಕರು, ಬ್ಯಾಡಗಿ)

ಉತ್ತರ: ತಗೋಬೇಡಿ. ಹತ್ತು ನಿಮಿಷದ ಕೆಲಸ ಎಂಬುದು ನಿಜ. ತೊಂದರೆ ಶುರುವಾಗುವುದು ಹನ್ನೊಂದನೇ ನಿಮಿಷಕ್ಕೆ.

ಮೊದಲು ಅವರ ಕಡೆ ನೋಡಿ. ಬಾಂಗ್ಲಾದೇಶದ ಕೇಂದ್ರ ಬ್ಯಾಂಕ್ ಕ್ರಿಪ್ಟೋ ವ್ಯವಹಾರಕ್ಕೆ ಅನುಮತಿ ಇಲ್ಲ ಎಂದು 2017ರಲ್ಲೇ ಸೂಚನೆ ಹೊರಡಿಸಿದೆ. ಅಲ್ಲಿ ಇನ್ನೂ 1947ರ ವಿದೇಶಿ ವಿನಿಮಯ ಕಾಯ್ದೆ ಜಾರಿಯಲ್ಲಿದೆ. ಹಾಗಾಗಿ ನಿಮ್ಮ ಖರೀದಿದಾರ ಯುಎಸ್‌ಡಿಟಿಯನ್ನು ರಾಜಾರೋಷವಾಗಿ ಕೊಳ್ಳಲಾರ. ಯಾರಿಗೋ ಟಾಕಾ ಕೊಟ್ಟು, ಆ ಮನುಷ್ಯನ ವ್ಯಾಲೆಟ್‌ನಿಂದ ನೇರ ನಿಮಗೆ ಹಾಕಿಸುತ್ತಾನೆ. ಆ ನಾಣ್ಯ ಯಾವ ಮನೆ ಮುರಿದು ಬಂದದ್ದೋ ನಿಮಗೆ ತಿಳಿಯುವುದಿಲ್ಲ. ಬ್ಲಾಕ್‌ಚೈನ್‌ನಲ್ಲಿ, ಅಂದರೆ ಎಲ್ಲ ವ್ಯವಹಾರ ಬರೆದಿಡುವ ಬಹಿರಂಗ ಲೆಕ್ಕಪುಸ್ತಕದಲ್ಲಿ, ಹಾದಿ ಮಾತ್ರ ಅಳಿಸದೆ ಉಳಿಯುತ್ತದೆ. ಯುಎಸ್‌ಡಿಟಿ ಹೊರಡಿಸುವ ಕಂಪನಿಗೆ ಯಾವ ವಿಳಾಸವನ್ನಾದರೂ ಸ್ತಂಭನ ಮಾಡುವ ಕೀಲಿ ಇದೆ. ಪೊಲೀಸರ ಕೋರಿಕೆಯ ಮೇಲೆ ಅದು ಹಾಗೆ ಮಾಡುತ್ತದೆ ಕೂಡ.

ಈಗ ನಿಮ್ಮ ಕಡೆ. ಮಾಲು ಬಾಂಗ್ಲಾ ಗಡಿಯ ಪೆಟ್ರಾಪೋಲ್ ದಾಟಿದ ದಿನದಿಂದ ನಿಮ್ಮ ಶಿಪ್ಪಿಂಗ್ ಬಿಲ್ ರಿಸರ್ವ್ ಬ್ಯಾಂಕಿನ ರಫ್ತು ದತ್ತಾಂಶ ವ್ಯವಸ್ಥೆಯಲ್ಲಿ ಬಾಕಿ ಎಂದೇ ನಿಂತಿರುತ್ತದೆ. ಅದು ತೀರುವುದು ನಿಮ್ಮ ಅಧಿಕೃತ ಡೀಲರ್ ಬ್ಯಾಂಕಿಗೆ (ವಿದೇಶಿ ವಿನಿಮಯಕ್ಕೆ ಪರವಾನಗಿ ಇರುವ ಬ್ಯಾಂಕಿಗೆ) ಹಣ ಬಂದು ಬಿಲ್ಲಿಗೆ ಜೋಡಣೆಯಾದಾಗ ಮಾತ್ರ. ವ್ಯಾಲೆಟ್‌ಗೆ ಬಂದ ಯುಎಸ್‌ಡಿಟಿಯನ್ನು ಜೋಡಿಸಲು ಅಲ್ಲಿ ಕಾಲಂ ಇಲ್ಲ. ರಫ್ತಿನ ಹಣ ಬಂತು ಎಂಬ ಪ್ರಮಾಣಪತ್ರ, ಇ-ಬಿಆರ್‌ಸಿ, ಹುಟ್ಟುವುದಿಲ್ಲ. ಅವಧಿ ಮೀರಿದರೆ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಪ್ರಶ್ನೆ ಬರುತ್ತದೆ. ಜಿಎಸ್‌ಟಿ ರೀಫಂಡ್ ಆಗಲೇ ಕೈಗೆ ಬಂದಿದ್ದರೆ ನಿಯಮ 96ಬಿ ಪ್ರಕಾರ ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಅದೇ ಯುಎಸ್‌ಡಿಟಿ ಮಾರಿ ರೂಪಾಯಿ ಮಾಡಿಕೊಂಡರೆ ಅದು ಪುಸ್ತಕದಲ್ಲಿ ರಫ್ತಿನ ಹಣವಾಗಿ ಕೂರುವುದಿಲ್ಲ. ಒಂದೇ ಲಾರಿ ಮೆಣಸಿನಕಾಯಿಗೆ ಎರಡು ಇಲಾಖೆಗೆ ಉತ್ತರ ಕೊಡುತ್ತ ಕೂರಬೇಕು.

ಡಾಲರ್ ಕೊರತೆ ನೆಪವೇ ಎಂದಲ್ಲ, ನಿಜವೂ ಇರಬಹುದು. ಅದಕ್ಕೆ ದಾರಿ ಇದೆ. 2023ರ ಜುಲೈ 11ರಿಂದ ಭಾರತ-ಬಾಂಗ್ಲಾ ನಡುವೆ ರೂಪಾಯಿಯಲ್ಲೇ ವ್ಯಾಪಾರ ತೀರಿಸುವ ವ್ಯವಸ್ಥೆ ಆರಂಭವಾಯಿತು. ಈ ಕಡೆ ಸ್ಟೇಟ್ ಬ್ಯಾಂಕ್ ಮತ್ತು ಐಸಿಐಸಿಐ, ಆ ಕಡೆ ಸೋನಾಲಿ ಬ್ಯಾಂಕ್ ಮತ್ತು ಈಸ್ಟರ್ನ್ ಬ್ಯಾಂಕ್. ಖರೀದಿದಾರನಿಗೆ ಅಲ್ಲಿ ಖಾತೆ ಇದೆಯೇ, ರೂಪಾಯಿಯಲ್ಲಿ ಎಲ್‌ಸಿ ತೆರೆಯುತ್ತಾರೆಯೇ ಎಂದು ಕೇಳಿ. ಹುಬ್ಬಳ್ಳಿಯಲ್ಲಿ ವಿದೇಶಿ ವಿನಿಮಯ ನೋಡುವ ಶಾಖೆಗೆ ಹೋಗಿ ‘ವಿಶೇಷ ರೂಪಾಯಿ ವೋಸ್ಟ್ರೋ’ (ವಿದೇಶಿ ಬ್ಯಾಂಕು ಇಲ್ಲಿಯ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ) ಎಂದೇ ಹೆಸರು ಹಿಡಿದು ಕೇಳಬೇಕು. ಕೌಂಟರಿನಲ್ಲಿ ಸುಮ್ಮನೆ ‘ರೂಪಾಯಿಯಲ್ಲಿ ತಗೋಬಹುದಾ’ ಎಂದರೆ ಆಗಲ್ಲ ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಅದೂ ಆಗದಿದ್ದರೆ ಮುಂಗಡ ಹಣ ಬಂದ ಮೇಲೆಯೇ ಮಾಲು ತುಂಬಿಸಿ, ಉದ್ರಿ ಕೊಡುವುದೇ ಆದರೆ ಸರ್ಕಾರಿ ರಫ್ತು ಸಾಲ ಖಾತರಿ ಸಂಸ್ಥೆ ಇಸಿಜಿಸಿಯ ವಿಮೆ ಮಾಡಿಸಿ. ಸೋಮವಾರ, ಗುರುವಾರದ ಟೆಂಡರಿನಲ್ಲಿ ದರ ಇಳಿದಿದೆ ಎಂದು ಡಬ್ಬಿ ತಳಿಯ ಮೆಣಸಿನಕಾಯಿಯ ಮೇಲೆ ದುಡ್ಡು ಹಾಕಿ, ಆಮೇಲೆ ಪಾವತಿಯ ದಾರಿ ಹುಡುಕುವುದು ತಲೆಕೆಳಗಾದ ಕ್ರಮ.

ಪ್ರಶ್ನೆ: ಪಿ2ಪಿಯಲ್ಲಿ (ಎಕ್ಸ್‌ಚೇಂಜ್ ಮೂಲಕ ಒಬ್ಬರಿಂದ ಒಬ್ಬರಿಗೆ ನೇರ ಮಾರಾಟ) 48,000 ರೂಪಾಯಿಯ ಯುಎಸ್‌ಡಿಟಿ ಮಾರಿದೆ. ಹಣ ಖಾತೆಗೆ ಬಂತು. ಹನ್ನೆರಡು ದಿನಕ್ಕೆ ಖಾತೆ ಬಂದ್. ಬ್ಯಾಂಕಿನವರು ಬೇರೆ ರಾಜ್ಯದ ಪೊಲೀಸರ ಆದೇಶ ಅಂತಾರೆ. ಅಂಗಡಿಯ ಬಾಡಿಗೆ, ಸಾಲದ ಕಂತು ಎಲ್ಲ ಅದೇ ಖಾತೆಯಿಂದ ಹೋಗಬೇಕು. ನನ್ನ ತಪ್ಪೇನು?
(ಮೊಬೈಲ್ ರಿಪೇರಿ ಅಂಗಡಿಯವರು, ಹುಬ್ಬಳ್ಳಿ)

ಉತ್ತರ: ತಪ್ಪು ಇಲ್ಲದಿರಬಹುದು, ಆದರೆ ನಿಮ್ಮ ಖಾತೆಗೆ ಬಂದದ್ದು ಕದ್ದ ದುಡ್ಡು. ಬಗೆ ಹೀಗೆ: ಎಲ್ಲೋ ಒಬ್ಬರಿಗೆ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಹಣ ಕಿತ್ತುಕೊಳ್ಳುತ್ತಾರೆ. ಅದು ಬಾಡಿಗೆ ಖಾತೆಗೆ, ಅಲ್ಲಿಂದ ಎರಡನೇ ಖಾತೆಗೆ, ಅಲ್ಲಿಂದ ನಿಮ್ಮಂಥ ಮಾರಾಟಗಾರನಿಗೆ. ನಿಮ್ಮ ಯುಎಸ್‌ಡಿಟಿ ಅವರ ವ್ಯಾಲೆಟ್‌ಗೆ ಹೋಗಿ ದೇಶ ದಾಟುತ್ತದೆ. ಸಂತ್ರಸ್ತರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಾಗ ಸೈಬರ್ ದೂರಿನ ಪೋರ್ಟಲ್ ಹಣದ ಜಾಡು ಹಿಡಿದು ಎಲ್ಲ ಖಾತೆಗಳಿಗೂ ಬೀಗ ಹಾಕುತ್ತ ಬರುತ್ತದೆ. ಕೊನೆಯ ಖಾತೆ ನಿಮ್ಮದು, ಅದರಲ್ಲೇ ಹಣ ಉಳಿದಿರುವುದು.

ಮೊದಲ ದಿನ ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ನಾಲ್ಕು ವಿಷಯ ಕೇಳಿ: ಸೈಬರ್ ಪೋರ್ಟಲ್‌ನ ದೂರು ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ತನಿಖಾಧಿಕಾರಿಯ ಇಮೇಲ್, ವಿವಾದಿತ ಮೊತ್ತ ಎಷ್ಟು. ನಾಲ್ಕನೆಯದು ಬಹಳ ಮುಖ್ಯ. ವಿವಾದಿತ ಮೊತ್ತ 48,000 ಅಷ್ಟೇ ಆಗಿದ್ದರೆ ಅಷ್ಟಕ್ಕೇ ಲಿಯನ್ (ತಡೆ) ಹಾಕಿ ಉಳಿದದ್ದನ್ನು ಬಿಡಿ ಎಂದು ಅದೇ ಅರ್ಜಿಯಲ್ಲಿ ಬರೆಯಿರಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.

ಆಮೇಲೆ ಎಕ್ಸ್‌ಚೇಂಜ್‌ನಿಂದ ಆ ಆರ್ಡರಿನ ಸಂಖ್ಯೆ, ಚಾಟ್, ಖರೀದಿದಾರನ ಕೆವೈಸಿ ಹೆಸರು ಇರುವ ಪುಟ ತೆಗೆಯಿರಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ಜಮೆಯ ಯುಟಿಆರ್ ಸಂಖ್ಯೆಗೆ ಗುರುತು ಹಾಕಿ. ಯುಎಸ್‌ಡಿಟಿ ಹೋದ ವ್ಯವಹಾರದ ಐಡಿ, ನೀವು ಅದನ್ನು ಮೊದಲು ಕೊಂಡ ದಾಖಲೆ, ಪ್ಯಾನ್ ಸೇರಿಸಿ ಒಂದೇ ಪಿಡಿಎಫ್ ಮಾಡಿ ತನಿಖಾಧಿಕಾರಿಗೆ ಕಳಿಸಿ. ಸ್ಕ್ರೀನ್‌ಶಾಟ್‌ಗಳನ್ನು ವಾಟ್ಸಾಪ್‌ನಲ್ಲಿ ಚೆಲ್ಲಾಪಿಲ್ಲಿ ಕಳಿಸಿದರೆ ಯಾರೂ ಓದುವುದಿಲ್ಲ. ‘ಅರ್ಧ ಹಣ ಈ ನಂಬರಿಗೆ ಹಾಕಿ, ಬಿಡಿಸುತ್ತೇನೆ’ ಎಂಬ ಫೋನು ಖಂಡಿತ ಬರುತ್ತದೆ. ಹಾಕಬೇಡಿ, ಅದು ಎರಡನೇ ಮೋಸ.

ಎರಡು-ಮೂರು ವಾರ ಉತ್ತರ ಬಾರದಿದ್ದರೆ ವಕೀಲರ ಮೂಲಕ ಹೋಗಬೇಕು. ಪೊಲೀಸರು ಸಾಮಾನ್ಯವಾಗಿ ಖಾತೆ ತಡೆಯುವುದು ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾಯ್ದೆ) ಕಲಂ 106ರ ಕೆಳಗೆ. ಬಿಡುಗಡೆಗೆ ಕಲಂ 503ರ ಅರ್ಜಿ ಸಂಬಂಧಪಟ್ಟ ಮ್ಯಾಜಿಸ್ಟ್ರೇಟರ ಮುಂದೆ, ಅಂದರೆ ಆ ದೂರದ ಊರಿನಲ್ಲಿ. ಅಷ್ಟು ದೂರ ಓಡಾಡುವುದಕ್ಕಿಂತ ಖಾತೆ ಇರುವ ಶಾಖೆ ಇಲ್ಲಿಯದೇ ಎಂಬ ಆಧಾರದ ಮೇಲೆ ಧಾರವಾಡ ಹೈಕೋರ್ಟ್ ಪೀಠದಲ್ಲಿ ರಿಟ್ ಹಾಕಿ, ತಡೆಯನ್ನು ವಿವಾದಿತ ಮೊತ್ತಕ್ಕೆ ಸೀಮಿತಗೊಳಿಸಲು ಕೇಳುವುದು ಹಲವರಿಗೆ ಅನುಕೂಲ. 48,000ಕ್ಕೆ ವಕೀಲರ ಫೀ ಎಷ್ಟಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ, ನಾವು ಸುಳ್ಳು ಧೈರ್ಯ ಹೇಳುವುದಿಲ್ಲ.

ಮುಂದೆ ಮಾರುವುದಿದ್ದರೆ: ಹಣ ಹಾಕಿದವರ ಹೆಸರು ಎಕ್ಸ್‌ಚೇಂಜ್‌ನಲ್ಲಿರುವ ಹೆಸರಿಗೆ ತಾಳೆಯಾಗದಿದ್ದರೆ ನಾಣ್ಯ ಬಿಡಬೇಡಿ, ಬಂದ ಹಣ ಬಂದ ಖಾತೆಗೇ ವಾಪಸ್ ಮಾಡಿ. ಮಾರುಕಟ್ಟೆಗಿಂತ ಮೂರು-ನಾಲ್ಕು ರೂಪಾಯಿ ಹೆಚ್ಚು ಕೊಡುವವನು ನಿಮ್ಮ ಮೇಲಿನ ಪ್ರೀತಿಗೆ ಕೊಡುತ್ತಿಲ್ಲ. ಅಂಗಡಿಯ ಖಾತೆಯನ್ನು ಈ ಕೆಲಸಕ್ಕೆ ಬಳಸಲೇಬೇಡಿ.

ಪ್ರಶ್ನೆ: ಬೇರೆ ಬಡ ದೇಶಗಳಲ್ಲಿ ನಿಷೇಧ ಹಾಕಿದ್ದು ಎಲ್ಲಾದರೂ ಫಲಿಸಿದೆಯೇ?
(ನಿವೃತ್ತ ಬ್ಯಾಂಕ್ ನೌಕರರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಯಾವುದನ್ನು ಫಲ ಎನ್ನುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ನೈಜೀರಿಯಾದ ಕೇಂದ್ರ ಬ್ಯಾಂಕ್ 2021ರ ಫೆಬ್ರುವರಿ 5ರಂದು ನಮ್ಮ 2018ರ ಸುತ್ತೋಲೆಯಂಥದ್ದನ್ನೇ ತಂದಿತು: ಬ್ಯಾಂಕುಗಳು ಇಂಥ ಖಾತೆ ಹುಡುಕಿ ಮುಚ್ಚಬೇಕು. ನಾಯಿರಾದ ಬೆಲೆ ಕುಸಿಯುತ್ತಿದ್ದ ದೇಶ, ಜನಕ್ಕೆ ಡಾಲರ್‌ಗೆ ಸಮನಾದದ್ದು ಏನಾದರೂ ಬೇಕಿತ್ತು. ವ್ಯಾಪಾರ ಎಕ್ಸ್‌ಚೇಂಜ್ ಬಿಟ್ಟು ಪಿ2ಪಿಗೆ, ಚಾಟ್ ಗುಂಪುಗಳಿಗೆ ಹೋಯಿತು. ಬ್ಯಾಂಕಿನ ಕಣ್ಣಿಗೆ ಕಾಣುತ್ತಿದ್ದದ್ದು ಕಾಣದಾಯಿತು. 2023ರ ಡಿಸೆಂಬರ್‌ನಲ್ಲಿ ಅದೇ ಬ್ಯಾಂಕ್ ತಡೆ ತೆಗೆಯಿತು. ಬೊಲಿವಿಯಾ 2014ರಲ್ಲಿ ಹಾಕಿದ ನಿಷೇಧವನ್ನು 2024ರ ಜೂನ್‌ನಲ್ಲಿ ತೆಗೆಯಿತು, ಅಲ್ಲೂ ಡಾಲರ್ ಕೊರತೆಯೇ ಹಿನ್ನೆಲೆ. ಆಲ್ಜೀರಿಯಾ ಉಲ್ಟಾ ನಡೆದು, 2018ರ ನಿಷೇಧವನ್ನು 2025ರ ಜುಲೈನಲ್ಲಿ ಇನ್ನೂ ಬಿಗಿ ಮಾಡಿತು. ನೇಪಾಳದಲ್ಲಿ 2017ರಿಂದ ಅಕ್ರಮ.

ನಿಷೇಧದಿಂದ ನಿಜಕ್ಕೂ ಆಗುವ ಒಂದು ಕೆಲಸ ಇದೆ, ಅದನ್ನು ಒಪ್ಪಬೇಕು. ಬ್ಯಾಂಕುಗಳ ಲೆಕ್ಕಪುಸ್ತಕ ಚೊಕ್ಕಟವಾಗಿ ಉಳಿಯುತ್ತದೆ. 2022ರ ಮೇನಲ್ಲಿ ಟೆರಾ-ಲೂನಾ ಎಂಬ ಜೋಡಿ ಕ್ರಿಪ್ಟೋ ನಾಣ್ಯಗಳು ಕುಸಿದಾಗ ಬ್ಯಾಂಕಿಂಗ್‌ಗೆ ಅದರ ಬಿಸಿ ತಾಗಲಿಲ್ಲ. ಬಂಡವಾಳ ದೇಶ ಬಿಟ್ಟು ಓಡುವುದನ್ನು ತಡೆಯಲು ಮಾತ್ರ ನಿಷೇಧ ಸಾಲದು. ನಾಣ್ಯ ಕೊಳ್ಳುವ ಆಸೆಯನ್ನು ಸುತ್ತೋಲೆಯಿಂದ ತಡೆಯಬಹುದೇನೋ, ತನ್ನ ನೋಟಿನ ಮೇಲೆ ಹೋದ ನಂಬಿಕೆಯನ್ನು ಸುತ್ತೋಲೆಯಿಂದ ತರಿಸಲಾಗದು.

ಪ್ರಶ್ನೆ: ಚೀನಾ ಬ್ಯಾನ್ ಮಾಡಿದ ಮೇಲೆ ಮೈನಿಂಗ್ ಯಂತ್ರ ಅಗ್ಗಕ್ಕೆ ಸಿಗ್ತಾವಂತ. ನಮ್ಮ ಹಳೇ ಪ್ರಿಂಟಿಂಗ್ ಪ್ರೆಸ್ಸಿನ ಕೋಣೆ ಖಾಲಿ ಐತಿ, ತ್ರೀ ಫೇಸ್ ಕರೆಂಟೂ ಐತಿ. ಒಂದು ಹಾಕಲೇನು?
(ಗದಗ)

ಉತ್ತರ: ಚೀನಾ 2021ರ ಮೇ-ಜೂನ್‌ನಲ್ಲಿ ಮೈನಿಂಗ್ (ಯಂತ್ರದಿಂದ ಲೆಕ್ಕ ಬಿಡಿಸಿ ಹೊಸ ಬಿಟ್‌ಕಾಯಿನ್ ಗಳಿಸುವ ಕೆಲಸ) ಮುಚ್ಚಿಸಿತು, ಸೆಪ್ಟೆಂಬರ್ 24ರಂದು ಎಲ್ಲ ಕ್ರಿಪ್ಟೋ ವ್ಯವಹಾರವನ್ನೂ ಅಕ್ರಮ ಎಂದು ಸಾರಿತು. ಕಝಾಕಿಸ್ತಾನಕ್ಕೆ ಹೋದ ಯಂತ್ರಗಳು ಅಲ್ಲಿಯ ಕರೆಂಟನ್ನೇ ಕುಡಿದವು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಜಗತ್ತಿನ ಮೈನಿಂಗ್‌ನಲ್ಲಿ ಶೂನ್ಯಕ್ಕೆ ಇಳಿದಿದ್ದ ಚೀನಾದ ಪಾಲು 2022ರ ಜನವರಿಗೆ ಮತ್ತೆ ಐದನೇ ಒಂದಕ್ಕಿಂತ ಮೇಲಕ್ಕೆ ಬಂದಿತ್ತು, ಕದ್ದುಮುಚ್ಚಿ.

ನಿಮ್ಮ ಲೆಕ್ಕ ನೋಡೋಣ. ಹಳೆಯ ಎಸ್19 ಯಂತ್ರ 95 ಟೆರಾಹ್ಯಾಶ್ (ಲೆಕ್ಕ ಬಿಡಿಸುವ ವೇಗದ ಅಳತೆ), 3,250 ವ್ಯಾಟ್. ದಿನಕ್ಕೆ 78 ಯೂನಿಟ್. ಯೂನಿಟ್ಟಿಗೆ 7.50 ಹಿಡಿದರೂ 585 ರೂಪಾಯಿ. ಜಗತ್ತಿನಲ್ಲಿ ದಿನಕ್ಕೆ ಹುಟ್ಟುವುದು ಸುಮಾರು 450 ಬಿಟ್‌ಕಾಯಿನ್, 2024ರ ಏಪ್ರಿಲ್‌ನಿಂದ ಒಂದೊಂದು ಬ್ಲಾಕಿಗೆ (ವ್ಯವಹಾರಗಳ ಒಂದು ಕಂತೆಗೆ) 3.125. ಜಾಲದ ಒಟ್ಟು ಬಲ 90 ಕೋಟಿ ಟೆರಾಹ್ಯಾಶ್ ಎಂದಿಟ್ಟುಕೊಂಡರೆ ನಿಮ್ಮ ಪಾಲು ದಿನಕ್ಕೆ 0.0000475 ಬಿಟ್‌ಕಾಯಿನ್. ಬಿಟ್‌ಕಾಯಿನ್ ಬೆಲೆ 80 ಲಕ್ಷ ಇದ್ದ ದಿನ ಅದು 380 ರೂಪಾಯಿ. ಕರೆಂಟಿಗೇ 205 ಕೈಯಿಂದ ಹೋಯಿತು. ಇದರ ಮೇಲೆ ತೆರಿಗೆ: ಮೈನಿಂಗ್‌ನ ಯಂತ್ರದ ಖರ್ಚನ್ನು ಕೊಳ್ಳುವ ವೆಚ್ಚವಾಗಿ ಕಳೆಯುವಂತಿಲ್ಲ ಎಂದು ಸರ್ಕಾರ 2022ರಲ್ಲೇ ಸಂಸತ್ತಿಗೆ ತಿಳಿಸಿದೆ. ಯಂತ್ರದ ಗದ್ದಲ ಸುಮಾರು 75 ಡೆಸಿಬೆಲ್, ಬಿಸಿ ಮೂರು ರೂಮ್ ಹೀಟರ್ ಹಚ್ಚಿದಷ್ಟು. ಪ್ರೆಸ್ಸಿನ ಹಳೆಯ ವೈರಿಂಗ್‌ನಲ್ಲಿ 14 ಆಂಪಿಯರ್ ಹಗಲೂ ರಾತ್ರಿ ಎಳೆದರೆ ಮೊದಲು ಸುಡುವುದು ಸಾಕೆಟ್. ಕಪ್ಪತಗುಡ್ಡದ ಗಾಳಿಯಂತ್ರ ಕಣ್ಣೆದುರೇ ತಿರುಗಿದರೂ ಹೆಸ್ಕಾಂ ಬಿಲ್ಲು ಬಿಲ್ಲೇ.

ಪ್ರಶ್ನೆ: ಒಂದು ಕಾಯಿನ್‌ದಾಗ 40,000 ಲಾಭ, ಇನ್ನೊಂದರಾಗ 40,000 ಲುಕ್ಸಾನ. ತೆರಿಗಿ ಇಲ್ಲಲ್ಲ?
(ರಾಣೆಬೆನ್ನೂರು)

ಉತ್ತರ: ಇದೆ. ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಮಾಡುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. 40,000ಕ್ಕೆ 30% ಅಂದರೆ 12,000, ಅದರ ಮೇಲೆ 4% ಸೆಸ್ 480. ನಿಮ್ಮ ಬೇರೆ ಆದಾಯ ತೆರಿಗೆ ಮಿತಿಯೊಳಗೆ ಇದ್ದರೂ ಇದು ತಪ್ಪದು. 1,40,000ಕ್ಕೆ ಮಾರಿದ್ದರೆ 1,400 ಟಿಡಿಎಸ್ ಕಡಿತವಾಗಿರುತ್ತದೆ, ಇಲಾಖೆಯ ತೆರಿಗೆ ಕಡಿತದ ಪಟ್ಟಿ 26ಎಎಸ್‌ನಲ್ಲಿ ನೋಡಿ ಹೊಂದಿಸಿಕೊಳ್ಳಿ. ರಿಟರ್ನ್‌ನಲ್ಲಿ ವಿಡಿಎ (ಕ್ರಿಪ್ಟೋದಂಥ ಡಿಜಿಟಲ್ ಆಸ್ತಿ) ಶೆಡ್ಯೂಲ್ ಇರುವ ನಮೂನೆ 2 ಅಥವಾ 3 ಬೇಕು. ನಮೂನೆ 1ರಲ್ಲಿ ಹಾಕಿದರೆ ಇಲಾಖೆಯ ಕಡೆಯ ಮಾಹಿತಿಗೆ ತಾಳೆಯಾಗದೆ ನೋಟಿಸ್ ಬರುತ್ತದೆ.

ಪ್ರಶ್ನೆ: ನಮ್ಮೂರಾಗ ಕಲ್ಯಾಣ ಮಂಟಪದಾಗ ಮೀಟಿಂಗ್ ಮಾಡಿ, ತಿಂಗಳಿಗೆ ನೂರಕ್ಕೆ ಹತ್ತು ಕೊಡೋ ಕಾಯಿನ್ ಅಂತ ಹೇಳ್ಯಾರ. ಸರ್ಕಾರ ಬ್ಯಾನ್ ಮಾಡೂಕಿಂತ ಮೊದಲ ತಗೋರಿ ಅಂತಾರ.
(ಹಾವೇರಿ ಜಿಲ್ಲೆ)

ಉತ್ತರ: ಅದು ಕ್ರಿಪ್ಟೋ ಪ್ರಶ್ನೆಯೇ ಅಲ್ಲ, ಹಳೆಯ ಚೀಟಿ ಮೋಸಕ್ಕೆ ಹೊಸ ಅಂಗಿ. ಆ ಕಾಯಿನ್ ಅವರ ಆ್ಯಪ್ ಬಿಟ್ಟು ಬೇರೆ ಯಾವ ನೋಂದಾಯಿತ ಎಕ್ಸ್‌ಚೇಂಜ್‌ನಲ್ಲಿ ಮಾರಾಟವಾಗುತ್ತದೆ ಎಂದು ಕೇಳಿ. ಹಣ ಹಾಕಿ ಆಗಿದ್ದರೆ ಇವತ್ತೇ ಪೂರ್ತಿ ಹಿಂತೆಗೆಯಲು ನೋಡಿ. ‘ಮೊದಲು ತೆರಿಗೆ ಕಟ್ಟಿ, ಆಮೇಲೆ ಬಿಡುತ್ತೇವೆ’ ಎಂದರೆ ಇನ್ನೊಂದು ರೂಪಾಯಿಯನ್ನೂ ಹಾಕದೆ 1930ಕ್ಕೆ ಫೋನ್ ಮಾಡಿ, ರಸೀದಿ ಹಿಡಿದು ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧದ) ಠಾಣೆಗೆ ಹೋಗಿ. ಮೊದಲ ಕೆಲವು ತಾಸಿನಲ್ಲಿ ಹೋದರೆ ಹಣ ಇನ್ನೂ ಯಾವುದೋ ಬ್ಯಾಂಕ್ ಖಾತೆಯಲ್ಲಿ ಇರುವ ಸಾಧ್ಯತೆ ಇದೆ. ಯುಎಸ್‌ಡಿಟಿ ಆದ ಮೇಲೆ ಅದನ್ನು ಹಿಡಿಯುವುದು ಬಹಳ ಕಷ್ಟ.