ಭದ್ರಾ ದಡದಲ್ಲಿ ಸಿಕ್ಕ, ಆಯಸ್ಕಾಂತ ಅಂಟುವ ಕಪ್ಪು ಕಲ್ಲು ಉಲ್ಕಾಶಿಲೆಯೇ?

ಅಲ್ಲ ಅನ್ನುತ್ತೇನೆ. ಫೋಟೊ ಇಲ್ಲದಿದ್ದರೂ ಇಷ್ಟು ಧೈರ್ಯವಾಗಿ ಹೇಳಲು ಕಾರಣ ನೀವೇ ಬರೆದಿರುವ ಒಂದು ಮಾತು: "ಕಪ್ಪು ಮೈಯಲ್ಲಿ ಬೂದು ಬಣ್ಣದ ಸಣ್ಣ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು." ಆಕಾಶದಿಂದ ಬಿದ್ದ ಕಲ್ಲಿನಲ್ಲಿ ಹೀಗೆ ಕಪ್ಪು-ಬೂದು ಪದರಗಳು ಸಾಲಾಗಿ ಇರುವುದಿಲ್ಲ.

ಬಾಳೆಹೊನ್ನೂರಿನಲ್ಲಿ ಸಿಕ್ಕಿತು ಅಂದಿರಿ. ಹೊಳೆಯಲ್ಲಿ ಕಲ್ಲು ಸಿಕ್ಕಾಗ ಕಲ್ಲಿಗಿಂತ ಮೊದಲು ಹೊಳೆ ಎಲ್ಲಿಂದ ಬಂತು ಅಂತ ನೋಡಬೇಕು. ಭದ್ರೆ ಹುಟ್ಟುವುದು ಗಂಗಾಮೂಲದಲ್ಲಿ, ಹರಿದು ಬರುವುದು ಕುದುರೆಮುಖ, ಕಳಸದ ಮೇಲೆ. ಆ ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಗಣಿ ನಡೆದಿದ್ದು ಯಾವ ಅದಿರಿಗೆ? ಮ್ಯಾಗ್ನೆಟೈಟ್. ಹೆಸರೇ ಹೇಳುವಂತೆ ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು. ಅಲ್ಲಿ ಅದು ಶುದ್ಧವಾಗಿ ಸಿಗುವುದಿಲ್ಲ. ಒಂದು ಪದರ ಮ್ಯಾಗ್ನೆಟೈಟ್, ಒಂದು ಪದರ ಬೆಣಚು. 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂತ ಪದರಗಳು ಅವು. ಮಳೆಗಾಲದ ಭದ್ರೆಗೆ ಅಂಥ ತುಂಡೊಂದನ್ನು ನಿಮ್ಮೂರಿನ ತನಕ ಉರುಳಿಸಿ ತರುವುದು ದೊಡ್ಡ ಕೆಲಸವೇನಲ್ಲ. ಮೈ ನುಣುಪಾಗಿರುವುದೂ ಅದಕ್ಕೇ.

ನಿಮ್ಮ ಪಕ್ಕದ ಮನೆಯವರು ಕಲ್ಲಿನ ಭಾರ ಮತ್ತು ಆಯಸ್ಕಾಂತ ಅಂಟುವುದು ಎರಡನ್ನೂ ಉಲ್ಕೆ ಅನ್ನಲು ಸಾಕ್ಷಿ ಅಂದರಲ್ಲ, ತೊಂದರೆ ಇರುವುದು ಅಲ್ಲೇ. ಮನೆಯಲ್ಲೇ ಅಳೆದು ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೊದಲು ಒಣಗಿದ ಕಲ್ಲನ್ನು ತೂಗಿ. ಆಮೇಲೆ ನೀರಿನ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತೋರಿಸುವ ಗ್ರಾಂನಿಂದ ಮೊದಲಿನ ತೂಕವನ್ನು ಭಾಗಿಸಿದರೆ ಸಾಂದ್ರತೆ, ಅಂದರೆ ಕಲ್ಲು ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು. ಬರೀ ಬೆಣಚಾದರೆ 2.65, ಬರೀ ಮ್ಯಾಗ್ನೆಟೈಟಾದರೆ 5.2. ಕುದುರೆಮುಖದ ಅದಿರಿನಲ್ಲಿ ಕಬ್ಬಿಣ ಶೇ. 38ರ ಆಸುಪಾಸು, ಆ ಲೆಕ್ಕಕ್ಕೆ ಸುಮಾರು 3.5 ಬರಬೇಕು. ಆದರೆ ಕಲ್ಲಿನ ಜಾತಿಯ ಉಲ್ಕೆಗಳೂ ಸರಿಸುಮಾರು ಅಷ್ಟೇ ತೂಗುತ್ತವೆ, ಅವಕ್ಕೂ ಆಯಸ್ಕಾಂತ ಅಂಟುತ್ತದೆ! ಹಾಗಾಗಿ ಈ ಪರೀಕ್ಷೆಯಿಂದ ಒಂದೇ ಲಾಭ: 7.8ರ ಹತ್ತಿರ ಬಂದರೆ ಬರೀ ಕಬ್ಬಿಣ, ಆಗ ಮತ್ತೆ ಮಾತಾಡೋಣ.

ತೀರ್ಮಾನ ಕೊಡುವುದು ಗೀಟು. ಬಾತ್‌ರೂಮ್ ಟೈಲ್ಸಿನ ಹಿಂಬದಿಯ ಒರಟು ಮೈಗೆ ಕಪ್ಪು ಪದರವನ್ನು ಒತ್ತಿ ಉಜ್ಜಿ. ಕಪ್ಪು ಗೀಟು ಬಿದ್ದರೆ ಮ್ಯಾಗ್ನೆಟೈಟ್. ಕೆಮ್ಮಣ್ಣಿನ ಬಣ್ಣ ಬಂದರೆ ಹೆಮಟೈಟ್ ಅನ್ನುವ ಇನ್ನೊಂದು ಕಬ್ಬಿಣದ ಅದಿರು ಸೇರಿದೆ. ಉಲ್ಕೆ ಸಾಮಾನ್ಯವಾಗಿ ಗೀಟೇ ಬಿಡುವುದಿಲ್ಲ. ಬೂದು ಗೆರೆಯನ್ನು ಚಾಕುವಿನಿಂದ ಗೀಚಿದಾಗ ಗೀರು ಬೀಳದೆ ಚಾಕುವಿನ ಲೋಹವೇ ಕಲ್ಲಿಗೆ ಮೆತ್ತಿಕೊಂಡರೆ ಅದು ಬೆಣಚು.

ಇದೇ ಕಲ್ಲು ಭದ್ರಾವತಿಯಿಂದ ಕೆಳಗೆ ಸಿಕ್ಕಿದ್ದರೆ ನಾನು ಮೊದಲು ಕುಲುಮೆಯ ಕಿಟ್ಟ, ಅಂದರೆ ಅದಿರು ಕರಗಿಸಿದಾಗ ಉಳಿಯುವ ಕಸ, ಅಂತ ಅನುಮಾನಿಸುತ್ತಿದ್ದೆ. ಅಲ್ಲಿ 1923ರಿಂದ ಕಬ್ಬಿಣ ಕರಗಿಸಿದ್ದಾರೆ. ಕಿಟ್ಟದಲ್ಲಿ ಗಾಳಿಗುಳ್ಳೆಯ ತೂತುಗಳು ಕಾಣುತ್ತವೆ.

ಬೆಲೆ ಕೇಳಿದ್ದೀರಿ. ಒಂದು ತುಂಡು ಅದಿರಿಗೆ ಏನೂ ಇಲ್ಲ. "ಲಕ್ಷಕ್ಕೆ ಹೋಗುತ್ತದೆ, ಮೊದಲು ಸರ್ಟಿಫಿಕೇಟ್‌ಗೆ ದುಡ್ಡು ಕಳಿಸಿ" ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಗೀಟಿನ ಬಣ್ಣ ಏನು ಬಂತು ಅಂತ ಮಾತ್ರ ಇಲ್ಲಿ ಬರೆಯಿರಿ.