ಪೆಟ್ರಿ ಪ್ಲೇಟನ್ನು ತಲೆಕೆಳಗಾಗಿ ಇಡೋದು ಯಾಕೆ?

ಇನ್‌ಕ್ಯುಬೇಟರಿನಲ್ಲಿ (ಒಂದೇ ಹದದ ಬಿಸಿ ಕಾಯುವ ಪೆಟ್ಟಿಗೆ) ಅಗಾರ್ ಪ್ಲೇಟನ್ನು, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ ಹಾಕಿದ ಮುಚ್ಚಳದ ಪೆಟ್ರಿ ತಟ್ಟೆಯನ್ನು, ಮಗುಚಿ ಯಾಕೆ ಇಡುತ್ತಾರೆ ಅಂತ ಕೇಳಿದ್ದೀರಿ. ಕಾರಣ ನೀರು. ಅಗಾರ್‌ನಿಂದ ಎದ್ದ ಆವಿ ಮುಚ್ಚಳದ ಒಳಮೈಯಲ್ಲಿ ಹನಿಯಾಗಿ ಕೂರುತ್ತದೆ. ಪ್ಲೇಟ್ ನೆಟ್ಟಗಿದ್ದರೆ ಆ ಹನಿ ಕೆಳಗೆ ಬಿದ್ದು, ಬೇರೆ ಬೇರೆಯಾಗಿ ಬೆಳೆಯಬೇಕಾದ ಕಾಲೊನಿಗಳು (ಬ್ಯಾಕ್ಟೀರಿಯಾ ಗುಂಪುಗಳು) ಒಂದಕ್ಕೊಂದು ಕಲಸಿಹೋಗುತ್ತವೆ. ಆಮೇಲೆ ಎಣಿಸೋದೂ ಕಷ್ಟ, ಶುದ್ಧ ಕಲ್ಚರ್ (ಒಂದೇ ಬಗೆಯ ಬ್ಯಾಕ್ಟೀರಿಯಾ) ಆರಿಸೋದೂ ಕಷ್ಟ. ಹೆಸರು, ದಿನಾಂಕವನ್ನು ಕೂಡ ತಳದ ಅಂಚಿನಲ್ಲೇ ಬರೆಯಿರಿ. ಮುಚ್ಚಳಗಳು ಅದಲುಬದಲಾಗುತ್ತವೆ.

ಶಾಲೆಯ ಲ್ಯಾಬ್ ಆದರೆ 37 ಡಿಗ್ರಿ ಬೇಡ, 25ರ ಆಸುಪಾಸು ಸಾಕು. 37 ಅಂದರೆ ನಮ್ಮ ಮೈಯ ಬಿಸಿ. ನಮಗೆ ರೋಗ ತರುವಂಥವು ಅಲ್ಲೇ ಚೆನ್ನಾಗಿ ಬೆಳೆಯೋದು. ಮುಚ್ಚಳಕ್ಕೆ ಅಲ್ಲಲ್ಲಿ ಟೇಪ್ ಅಂಟಿಸಿ, ಸುತ್ತಲೂ ಬಿಗಿಯಬೇಡಿ. ಗಾಳಿ ಪೂರ್ತಿ ನಿಂತರೆ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳಿಗೆ ಅನುಕೂಲ, ಅವುಗಳಲ್ಲಿ ಕೆಲವು ಅಪಾಯಕಾರಿ. ಬೆಳೆದ ಮೇಲೆ ಸುಮ್ನೆ ಕುತೂಹಲಕ್ಕೆ ತೆರೆಯೋದು, ಮೂಸೋದು ಬೇಡ. ಹೊರಗಿನಿಂದಲೇ ಕಾಣುತ್ತದೆ, ಅಲ್ವಾ?

ಕೆಲಸ ಮುಗಿದ ಪ್ಲೇಟ್‌ಗಳನ್ನು 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿಯೇ, ಅಂದರೆ ಒತ್ತಡದ ಹಬೆಯಲ್ಲಿ ಬಿಸಿಮಾಡಿ ಸೂಕ್ಷ್ಮಜೀವಿಗಳನ್ನು ಕೊಂದೇ, ಎಸೆಯಬೇಕು. ಮೀಡಿಯಾಕ್ಕೆ (ಬ್ಯಾಕ್ಟೀರಿಯಾ ಬೆಳೆಸಲು ತಯಾರಿಸುವ ಆಹಾರ) ಸಾಮಾನ್ಯವಾಗಿ 15 ನಿಮಿಷ ಸಾಕು. ಆದರೆ ಬಳಸಿದ ಪ್ಲೇಟ್ ತುಂಬಿದ ಚೀಲದ ನಡುಭಾಗಕ್ಕೆ ಬಿಸಿ ತಲುಪಲು ಇನ್ನೂ ಜಾಸ್ತಿ ಹೊತ್ತು ಬೇಕು, ಹಾಗಾಗಿ ಚೀಲವನ್ನು ಒತ್ತಿ ತುಂಬಬೇಡಿ, ಬಾಯಿಯನ್ನೂ ಬಿಗಿಯಾಗಿ ಕಟ್ಟಬೇಡಿ.